ರೆಕ್ಕೆ ಕೋಲಾರದಲ್ಲಿ, ಮೈ ತುಮಕೂರಿನಲ್ಲಿ

ನನ್ನ ಅಕ್ಕನ ಮಗ ತುಮಕೂರಿನ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತಾನೆ. ಅಲ್ಲಿ ಏರೋನಾಟಿಕಲ್ ವಿಭಾಗ ಮುಚ್ಚಿ ವರ್ಷಗಳಾಗಿವೆ. ಪಾಠಕ್ಕೆಂದು ತಂದಿದ್ದ ಪುಟ್ಟ ಜೆಟ್ ವಿಮಾನವೊಂದು ಶೆಡ್ಡಿನ ಹಿಂದೆ ಬಿದ್ದಿದೆ. ಎಂಜಿನ್ ಇಲ್ಲ, ರೆಕ್ಕೆ ಇಲ್ಲ. ಮುಂದೆ ನೆಟ್ಟ ಬೋರ್ಡಿನಲ್ಲಿ ಮಾತ್ರ ‘ಮಿಗ್-21’ ಅಂತ ಕೆಂಪಕ್ಷರ. “ಮಾವ, ಸೋಮವಾರ ಗುಜರಿಯವರು ತೂಕಕ್ಕೆ ಬರ್ತಾರಂತೆ. ಅಷ್ಟರಲ್ಲಿ ಇದೇನು ಅಂತ ಹೇಳಿ” ಎಂದು ಫೋಟೋ ಕಳಿಸಿದ.

ಮಿಗ್ ಅಲ್ಲ ಅನ್ನೋದಕ್ಕೆ ಒಂದು ಫೋಟೋ ಸಾಕು. ಮಿಗ್-21 ಮೂತಿಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಇದಕ್ಕೆ ಎರಡೂ ಪಕ್ಕೆಯಲ್ಲಿ ಬಾಯಿ, ಮೂತಿ ಚೂಪು. ನೆಲದ ಮೇಲೆ ನಿಂತು ಕಾಕ್‌ಪಿಟ್ಟಿನೊಳಗೆ ಇಣುಕಬಹುದು, ಅಷ್ಟು ಕುಳ್ಳು. ಇದು ನ್ಯಾಟ್ ಅನ್ನೋ ಪುಟ್ಟ ಬ್ರಿಟಿಷ್ ಯುದ್ಧವಿಮಾನ. ಇಲ್ಲವೇ ನ್ಯಾಟನ್ನು ತಿದ್ದಿ ಬೆಂಗಳೂರಿನಲ್ಲಿ ಮಾಡಿದ ಅಜೀತ್. ಎರಡರಲ್ಲಿ ಯಾವುದು, ಯಾವ ನಂಬರಿನದು ಅಂತ ಹೇಳಬೇಕಾದರೆ ರೆಕ್ಕೆ ನೋಡಲೇಬೇಕು. ರೆಕ್ಕೆಯನ್ನು ಕಾಲೇಜಿನವರು ಹಿಂದೆಯೇ ಮಾರಿದ್ದರು. ಕೊಂಡವರು ಕೋಲಾರದ ಗುಜರಿ ಅಂಗಡಿಯವರು.

ಬುಧವಾರ, ಕೋಲಾರ

ಬೆಳಗಿನ ಬಸ್ಸಿಗೆ ಹೊರಟು ಹತ್ತು ಗಂಟೆಗೆಲ್ಲ ಅಂಗಡಿ ಹುಡುಕಿದೆ. ಯಜಮಾನರು ತೂಕದ ಯಂತ್ರದ ಪಕ್ಕ ಕೂತು ಟೀ ಕುಡಿಯುತ್ತಿದ್ದರು. ಪೊಲೀಸರೋ, ಇನ್‌ಕಂ ಟ್ಯಾಕ್ಸಿನವರೋ ಅನ್ನೋ ಅನುಮಾನ ಮುಖದಲ್ಲಿ. ವಿಷಯ ಹೇಳಿದ ಮೇಲೆ ನಕ್ಕರು.

“ಏರೋಪ್ಲೇನ್ ರೆಕ್ಕೆನಾ ಸಾರ್? ಇದೆ. ಅರ್ಧ ಇದೆ.”

ಹಿತ್ತಲಲ್ಲಿ ಹಳೆ ಬೋರ್‌ವೆಲ್ ಪೈಪುಗಳ ಕೆಳಗೆ ಮಲಗಿತ್ತು. ನ್ಯಾಟ್‌ನ ರೆಕ್ಕೆ ಎಡ, ಬಲ ಅಂತ ಎರಡು ತುಂಡಲ್ಲ. ಒಂದೇ ತುಂಡಾಗಿ ವಿಮಾನದ ಬೆನ್ನಿನ ಮೇಲೆ ಕೂತು ಬೋಲ್ಟಿನಲ್ಲಿ ಬಿಗಿಯಾಗುತ್ತದೆ. ಈ ತುದಿಯಿಂದ ಆ ತುದಿಗೆ 6.73 ಮೀಟರ್, ಅಷ್ಟೇ. ಇವರು ಬಲಗಡೆಯದನ್ನು ಗ್ರೈಂಡರಿನಲ್ಲಿ ಕುಯ್ದು ಸಾಗಿಸಿದ್ದರು. ನಡುಭಾಗವೂ ಎಡಗಡೆಯದೂ ಉಳಿದಿತ್ತು.

ಇದನ್ನೂ ಯಾಕೆ ಕುಯ್ಯಲಿಲ್ಲ ಎಂದೆ. “ಪಾತ್ರೆ ಮಾಡೋರು ಬೇಡ ಅಂದ್ಬಿಟ್ರು ಸಾರ್. ಕಲಬೆರಕೆ ಮಾಲು.” ಸರಿಯಾದ ಮಾತು. ವಿಮಾನದ ಅಲ್ಯೂಮಿನಿಯಂನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ತಾಮ್ರ ಬೆರೆತಿರುತ್ತದೆ. ಗಟ್ಟಿತನ ಬರುವುದೇ ಅದರಿಂದ. ತಪ್ಪಲೆಗೆ ಆಗದ ಲೋಹ ಅಂತಲೇ ಈ ರೆಕ್ಕೆ ಉಳಿದಿತ್ತು.

ಕುಯ್ದ ಬಾಯಿಗೆ ಟಾರ್ಚ್ ಬಿಟ್ಟೆ. ಒಳಗೆ ಪ್ರತಿ ರಿವೆಟ್ಟಿನ ತಲೆಗೂ, ಪ್ರತಿ ಸಂದಿಗೂ ರಬ್ಬರಿನಂಥ ಅಂಟು ಬಳಿದಿದ್ದಾರೆ. ಅಂದರೆ ಈ ರೆಕ್ಕೆಯೇ ಇಂಧನದ ತೊಟ್ಟಿ. ಮೊದಲಿನ ನ್ಯಾಟ್ ದೂರ ಹೋಗಬೇಕಾದರೆ ರೆಕ್ಕೆಯ ಕೆಳಗೆ ಟ್ಯಾಂಕು ನೇತುಹಾಕಿಕೊಳ್ಳಬೇಕಿತ್ತು. ಅಜೀತ್‌ನಲ್ಲಿ ಎಚ್‌ಎಎಲ್‌ನವರು ಇಂಧನವನ್ನು ರೆಕ್ಕೆಯೊಳಗೇ ತುಂಬಿಸಿದರು. ಟ್ಯಾಂಕು ನೇತಾಡುತ್ತಿದ್ದ ಕೊಕ್ಕೆ ಬಾಂಬು, ರಾಕೆಟ್ಟಿಗೆ ಬಿಡುವಾಯಿತು. ಹಾಗಾದರೆ ಇದು ಅಜೀತ್‌ನ ರೆಕ್ಕೆ. ಬಣ್ಣದ ಪದರ ಕಾಣುವಂತೆ ಒಂದಷ್ಟು ಫೋಟೋ ತೆಗೆದುಕೊಂಡೆ. ಸದ್ಯಕ್ಕೆ ಕುಯ್ಯಬೇಡಿ ಎಂದು ಬೇಡಿಕೊಂಡೆ.

ಹೊರಡುವಾಗ ಕಣ್ಣಿಗೆ ಬಿದ್ದದ್ದು ಹಿತ್ತಲ ಗೇಟು. ಸಾಲು ಸಾಲು ತೂತಿನ ಉಕ್ಕಿನ ಹಲಗೆ. ಒಂದು ಸಾಲಿಗೆ 29 ತೂತು, ಮೂರು ಸಾಲು, ಒಟ್ಟು 87. ಎರಡನೇ ಮಹಾಯುದ್ಧದಲ್ಲಿ ಕೆಸರು ನೆಲದ ಮೇಲೆ ಹಾಸಿ ರಾತ್ರೋರಾತ್ರಿ ರನ್‌ವೇ ಮಾಡುತ್ತಿದ್ದ ಹಲಗೆಗಳ ಲೆಕ್ಕವೂ ಇದೇ. ಹತ್ತು ಅಡಿ ಉದ್ದ, ಹದಿನೈದು ಇಂಚು ಅಗಲ. ಇದು ಇಲ್ಲಿಯದೇ ಅಂತ ನಾನೇನೂ ಹೇಳಲ್ಲ. ಗುಜರಿ ಮಾಲು ದೇಶವೆಲ್ಲ ಸುತ್ತುತ್ತದೆ. ಆದರೆ ಕೋಲಾರದಲ್ಲಿ ಯುದ್ಧಕಾಲದ ವಿಮಾನ ನಿಲ್ದಾಣ ಇದ್ದದ್ದಂತೂ ನಿಜ. ಈ ಊರಿನವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಗಣಿ ಗೊತ್ತು, ಟೊಮೆಟೊ ಗೊತ್ತು, ಅಂತರಗಂಗೆ ಗೊತ್ತು. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರುಗಳು ಇಲ್ಲಿ ಇಳಿದು ಏರುತ್ತಿದ್ದವು ಅಂದರೆ “ಹೌದಾ?” ಅಂತಾರೆ.

ಬ್ರಿಟಿಷ್ ವಾಯುಪಡೆ ಭಾರಿ ಬಾಂಬರ್ ಓಡಿಸುವುದನ್ನು ಕಲಿಸಲು ಕೋಲಾರದಲ್ಲಿ 1673ನೇ ತರಬೇತಿ ಘಟಕ ಇಟ್ಟಿತ್ತು. 1944ರ ನವೆಂಬರ್ 8ರಂದು ಅದೇ ಘಟಕದ ಜನ, ಸಾಮಾನು ಸೇರಿ 358ನೇ ಸ್ಕ್ವಾಡ್ರನ್, ಅಂದರೆ ವಾಯುಪಡೆಯ ತುಕಡಿ, ಇಲ್ಲೇ ಹುಟ್ಟಿತು. ಮುಂದೆ ಅದು ಬಂಗಾಳಕ್ಕೆ ಹೋಗಿ, ಜಪಾನಿಯರ ಹಿಡಿತದಲ್ಲಿದ್ದ ನಾಡುಗಳೊಳಗೆ ಗೂಢಚಾರರನ್ನೂ ಸಾಮಾನನ್ನೂ ಪ್ಯಾರಾಚೂಟಿನಲ್ಲಿ ಇಳಿಸುವ ಕೆಲಸ ಮಾಡಿತು. ಅದೇ ವರ್ಷ 82ನೇ ಸ್ಕ್ವಾಡ್ರನ್ ಮಸ್ಕಿಟೋ ವಿಮಾನಕ್ಕೆ ಬದಲಾದದ್ದೂ ಕೋಲಾರದಲ್ಲೇ. ಮಸ್ಕಿಟೋ ಮರದ ವಿಮಾನ. ಪ್ಲೈವುಡ್ಡು, ಬಾಲ್ಸಾ ಅನ್ನೋ ಹಗುರ ಮರ, ಅಂಟು. ನಮ್ಮ ಬಿಸಿಲು ಮಳೆಗೆ ಅಂಟು ಬಿಡುತ್ತಿದೆ ಅನ್ನೋ ಅನುಮಾನದಿಂದ, ಆ ವರ್ಷದ ಕೊನೆಗೆ ಅವನ್ನು ಹಾರಿಸುವುದನ್ನೇ ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು. ಅಂಥದ್ದರ ಜಾಡು ಹುಡುಕಿದರೆ ಏನು ಸಿಕ್ಕೀತು? ಮರ ಗೆದ್ದಲಿಗೆ, ಮೊಳೆ ಮಣ್ಣಿಗೆ.

ಲಿಬರೇಟರ್‌ಗಳ ಕಥೆಯೇ ಬೇರೆ. ಅವು ಅಮೆರಿಕದಿಂದ ಎರವಲು ಬಂದವು. ಯುದ್ಧ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು ಅಂತ ಕರಾರು. ಬ್ರಿಟಿಷರು ಅವನ್ನೆಲ್ಲ ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿ, ಒಡೆದು ಜಜ್ಜಿ, ಎಂಜಿನ್ನಿಗೆ ಮಣ್ಣು ಸುರಿದು ಬಿಟ್ಟುಹೋದರು. ಸ್ವತಂತ್ರ ಭಾರತದ ವಾಯುಪಡೆಗೆ ಒಂದೇ ಒಂದು ಭಾರಿ ಬಾಂಬರ್ ಇರಲಿಲ್ಲ. ಆಗ ನೆನಪಾದದ್ದು ಈ ಗುಜರಿ. ಯುದ್ಧದ ಕಾಲದಲ್ಲಿ ಅಮೆರಿಕನ್ನರ ವಿಮಾನ ರಿಪೇರಿ ಮಾಡಿ ಕೈ ಪಳಗಿದ್ದ ಬೆಂಗಳೂರಿನ ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋದರು. ಒಂದರ ಬಾಲ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಸೇರಿಸಿ ಹಾರುವ ಮಟ್ಟಕ್ಕೆ ತಂದರು. ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಶಿ. ಒಂದಲ್ಲ ಎರಡಲ್ಲ, ಸುಮಾರು 40 ವಿಮಾನ! ಇಲ್ಲಿ ಪೂರ್ತಿ ರಿಪೇರಿಯಾಗಿ 1948ರ ನವೆಂಬರಿನಿಂದ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರತೊಡಗಿದವು. 1968ರ ಕೊನೆಯವರೆಗೂ ದುಡಿದವು. ಅಷ್ಟು ಹೊತ್ತಿಗೆ ಜಗತ್ತಿನ ಬೇರಾವ ವಾಯುಪಡೆಯಲ್ಲೂ ಲಿಬರೇಟರ್ ಇರಲಿಲ್ಲ.

ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾದ ವಿಮಾನ ಅದು. ಅಮೆರಿಕದಲ್ಲಿ ಅಚ್ಚುಕಟ್ಟಾಗಿ ಲೆಕ್ಕ ಬರೆದು ಅರಿಜೋನಾದ ಕಿಂಗ್‌ಮನ್‌ನಂಥ ಕಡೆ ಕರಗಿಸಿಬಿಟ್ಟರು. ಕಾನ್ಪುರದಲ್ಲಿ ಬಿಟ್ಟುಹೋದವುಗಳಿಂದ ಎದ್ದ ಕೆಲವು ಈಗ ಬೇರೆ ಬೇರೆ ದೇಶಗಳಲ್ಲಿವೆ. ನಮ್ಮ ವಾಯುಪಡೆಯ ಎಚ್‌ಇ 807 ನಂಬರಿನದು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿ ಅದರ ಹಳೆ ಬ್ರಿಟಿಷ್ ನಂಬರು ಕೆಎನ್ 751 ಮತ್ತೆ ಬಂದಿದೆ. ಎಚ್‌ಇ 924 ದೆಹಲಿಯ ಪಾಲಂನಲ್ಲಿದೆ. 44-44052 ಅನ್ನೋ ಅಮೆರಿಕನ್ ನಂಬರಿನದು ಫೋರ್ಟ್ ವರ್ತ್‌ನಲ್ಲಿ ಹುಟ್ಟಿ, ಬ್ರಿಟಿಷರ ಕೆಎಚ್ 191 ಆಗಿ, ಭಾರತದಲ್ಲಿ ದುಡಿದು, ಅಮೆರಿಕಕ್ಕೇ ಮರಳಿ 1989ರಲ್ಲಿ ಮತ್ತೆ ಹಾರಿತು. ಒಂದೇ ವಿಮಾನಕ್ಕೆ ಮೂರು ಸರ್ಕಾರದ ಮೂರು ನಂಬರು. ಹಳೆ ವಿಮಾನದ ಗುರುತು ಹಿಡಿಯೋದು ಯಾಕೆ ಕಷ್ಟ ಅಂತ ಕೇಳುವವರಿಗೆ ನಾನು ಇದನ್ನೇ ಹೇಳೋದು.

ಸಂಜೆ ಆಟೋ ಮಾಡಿಕೊಂಡು ಊರ ಹೊರಗೆ ಸುತ್ತಿದೆ. ಏರೋಡ್ರಮ್ ಅಂತ ಕೇಳಿದರೆ ಒಬ್ಬರು ಕೆಜಿಎಫ್ ಕಡೆ ಕೈ ತೋರಿಸಿದರು, ಇನ್ನೊಬ್ಬರು ಬೆಂಗಳೂರಿನ ದಾರಿ ಹೇಳಿದರು.

ಗುರುವಾರ, ಶಿಡ್ಲಘಟ್ಟ

ಚಿಂತಾಮಣಿಯಲ್ಲಿ ಬಸ್ ಬದಲಿಸಿ ಶಿಡ್ಲಘಟ್ಟಕ್ಕೆ ಬಂದೆ. ಪರಿಚಯದವರ ಮೂಲಕ ಇಲ್ಲಿನ ಹಳ್ಳಿಯವರೊಬ್ಬರ ವಿಳಾಸ ಸಿಕ್ಕಿತ್ತು. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿ ಆದ ಮೇಲೆ ಊರಿಗೆ ಬಂದು ರೇಷ್ಮೆ ಮಾಡುತ್ತಿದ್ದಾರೆ. ಹೋದಾಗ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಮುಗಿಸಿ ಎದ್ದು ಸೊಪ್ಪು ಮೇಯುತ್ತಿದ್ದವು. ಮನೆಯವರಿಗೆ ಮಾತಾಡಲು ಪುರುಸೊತ್ತಿಲ್ಲದ ಹೊತ್ತು. ಆದರೂ ರೆಕ್ಕೆಯ ಫೋಟೋ ನೋಡಿದ್ದೇ ಸೊಪ್ಪಿನ ಬುಟ್ಟಿ ಕೆಳಗಿಟ್ಟರು.

“ಯಾರಪ್ಪಾ ಇದನ್ನ ಕುಯ್ದೋನು?”

ಆ ಮೇಲೆ ಒಂದು ಗಂಟೆ ನಾನು ಬರೀ ಕಿವಿ. ನ್ಯಾಟ್ ಇಂಗ್ಲೆಂಡಿನ ಫೋಲಂಡ್ ಕಂಪನಿಯದು. ವಿನ್ಯಾಸ ಟೆಡಿ ಪೆಟ್ಟರ್ ಎಂಬವರದು. ಕ್ಯಾನ್‌ಬೆರಾ ಬಾಂಬರ್ ಮಾಡಿದ ಮನುಷ್ಯನೇ, ಯುದ್ಧವಿಮಾನ ವರ್ಷ ವರ್ಷ ದಪ್ಪ, ದುಬಾರಿ ಆಗ್ತಿದೆ ಅಂತ ಬೇಸತ್ತು ಇಷ್ಟು ಚಿಕ್ಕದನ್ನು ಮಾಡಿದರು. ಒಂದೇ ಆರ್ಫಿಯಸ್ ಎಂಜಿನ್. ಗಾಳಿ ಬಾಯಿಯ ಪಕ್ಕ ಎರಡು 30 ಮಿ.ಮೀ. ಫಿರಂಗಿ. ಗಾಳಿಯಲ್ಲಿ ವೇಗ ತಗ್ಗಿಸಲು ಬೇರೆ ಬ್ರೇಕಿಲ್ಲ, ಚಕ್ರದ ಬಾಗಿಲನ್ನೇ ಅರ್ಧ ತೆರೆಯುತ್ತಾರೆ. ಬ್ರಿಟಿಷ್ ವಾಯುಪಡೆ ಇದನ್ನು ಯುದ್ಧಕ್ಕೆ ತಗೊಳ್ಳಲಿಲ್ಲ, ಎರಡು ಸೀಟಿನ ತರಬೇತಿ ವಿಮಾನ ಮಾಡಿಕೊಂಡಿತು. ನಾವು ತಗೊಂಡೆವು, ಬೆಂಗಳೂರಿನಲ್ಲೇ ಕಟ್ಟಿದೆವು. 1965ರಲ್ಲಿ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳಿಗೆ ನೀರು ಕುಡಿಸಿದ್ದು ಇದೇ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಬ್ಬಂಟಿಯಾಗಿ ಕಾದು ಪ್ರಾಣ ಬಿಟ್ಟ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಓಡಿಸುತ್ತಿದ್ದದ್ದೂ ಇದೇ. ವಾಯುಪಡೆಗೆ ಈವರೆಗೆ ಬಂದ ಒಂದೇ ಪರಮವೀರ ಚಕ್ರ ಅವರದು.

“ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿರೋ ನ್ಯಾಟ್ ಯಾವುದು ಹೇಳು?” ಎಂದು ಅವರೇ ಉತ್ತರಿಸಿದರು. “ಕರಾಚಿದು!” ನಿಜ. 1965ರ ಸೆಪ್ಟೆಂಬರಿನಲ್ಲಿ ಸ್ಕ್ವಾಡ್ರನ್ ಲೀಡರ್ ಸಿಕಂದ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದು ಸೆರೆ ಸಿಕ್ಕರು. ಅವರ ಐಇ 1083 ನಂಬರಿನ ನ್ಯಾಟ್ ಕರಾಚಿಯ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇದೆ. ಶತ್ರು ಜೋಪಾನವಾಗಿ ಇಟ್ಟುಕೊಂಡ. ನಾವು ಕಾಲೇಜಿಗೆ ಕೊಟ್ಟು ಮಿಗ್ ಅಂತ ಬೋರ್ಡು ಹಾಕಿದ್ದೇವೆ.

ಅಜೀತ್ ಮೊದಲು ಹಾರಿದ್ದು 1975ರ ಮಾರ್ಚಿನಲ್ಲಿ. ಒಟ್ಟು 79 ಹೊಸದಾಗಿ ಮಾಡಿದರು, ಜೊತೆಗೆ 10 ಹಳೆ ನ್ಯಾಟ್‌ಗಳನ್ನು ಅಜೀತ್ ಆಗಿ ಬದಲಿಸಿದರು. 1991ಕ್ಕೆ ಎಲ್ಲವೂ ನಿವೃತ್ತಿ. ರೆಕ್ಕೆ ಬಿಟ್ಟರೆ ಎದ್ದು ಕಾಣುವ ಇನ್ನೊಂದು ವ್ಯತ್ಯಾಸ ಕುರ್ಚಿ, ಅಪಾಯದಲ್ಲಿ ಪೈಲಟ್ಟನ್ನು ಹೊರಗೆ ಚಿಮ್ಮಿಸುವಂಥದ್ದು. ನ್ಯಾಟ್‌ನಲ್ಲಿ ಫೋಲಂಡ್‌ನದೇ ಹಗುರ ಕುರ್ಚಿ, ಅಜೀತ್‌ನಲ್ಲಿ ಮಾರ್ಟಿನ್ ಬೇಕರ್ ಕಂಪನಿಯದು.

ನಾನು ಮೈಯ ಫೋಟೋದಲ್ಲಿ ಕಂಡ ತಟ್ಟೆಯೊಂದರ ನಂಬರು ತೋರಿಸಿದೆ. ನೋಡಲೂ ಇಲ್ಲ, ಫೋನ್ ವಾಪಸ್ ಕೊಟ್ಟರು.

“ಅದು ಪಾರ್ಟ್ ನಂಬರ್ ಕಣಪ್ಪ. ಅದೇ ನಂಬರಿನ ಪಾರ್ಟು ಎಲ್ಲಾ ವಿಮಾನದಲ್ಲೂ ಇರುತ್ತೆ. ಪೇಪರಿನೋರು ಇದನ್ನೇ ವಿಮಾನದ ನಂಬರ್ ಅಂತ ಬರೀತಾರೆ. ಬಣ್ಣ ನೋಡು. ಬಣ್ಣ ಸುಳ್ಳು ಹೇಳಿದ್ರೂ ಅದರ ಕೆಳಗಿನ ಬಣ್ಣ ಹೇಳಲ್ಲ.”

ಹೇಗೆ ಉಜ್ಜಬೇಕೆಂದೂ ಹೇಳಿಕೊಟ್ಟರು. ಒಣಗಿದ ಎಮ್ರಿ ಪೇಪರ್ ಮುಟ್ಟಿಸಕೂಡದು. ಸಾವಿರದ ನಂಬರಿನ ವಾಟರ್ ಪೇಪರ್, ನೀರು, ತಾಳ್ಮೆ. ಒಂದು ಅಂಗೈ ಅಗಲ ಮಾತ್ರ. ಇನ್ನೂ ಹಳೆಯ, ಯುದ್ಧಕಾಲದ ವಿಮಾನವಾಗಿದ್ದರೆ ಡಯಲುಗಳ ಗಾಜು ಬಿಚ್ಚಲೇಬಾರದು. ಕತ್ತಲಲ್ಲಿ ಹೊಳೆಯಲಿ ಅಂತ ಬಳಿಯುತ್ತಿದ್ದದ್ದು ರೇಡಿಯಂ. ಹಾಗೆಯೇ ಪೈಲಟ್ಟಿನ ಕುರ್ಚಿ ಸಿಕ್ಕಿದರೆ ಸುಮ್ನೆ ಹಿಡಿ ಎಳೆದು ನೋಡಬಾರದು. ಅದು ಸಿಡಿಮದ್ದಿನ ಮೇಲೆ ಕೂತಿರುವ ಸಾಮಾನು, ಮದ್ದು ತೆಗೆದಿದ್ದಾರೆ ಅಂತ ಗೊತ್ತಾಗುವವರೆಗೂ ದೂರ.

ಹೊರಡುವಾಗ ಅವರ ಮನೆಯವರು ಮುದ್ದೆ, ಅವರೆಕಾಳು ಸಾರು ಬಡಿಸದೆ ಬಿಡಲಿಲ್ಲ.

ಶುಕ್ರವಾರ, ದಾರಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಕೊರಟಗೆರೆ. ಬಸ್ಸು ಬಸ್ಸು ಬದಲಿಸಿ ಇಡೀ ದಿನ ಹೋಯಿತು. ಮಧುಗಿರಿಯ ಒಂಟಿ ಕಲ್ಲಿನ ಬೆಟ್ಟ ಕಿಟಕಿಯಲ್ಲಿ ಬಂದು ಅರ್ಧ ಗಂಟೆ ಜೊತೆಗೇ ಇತ್ತು. ಬೇರೇನೂ ಬರೆಯುವಂಥದ್ದಿಲ್ಲ.

ಶನಿವಾರ, ತುಮಕೂರು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕಾಲೇಜಿಗೆ ಹೋದೆವು. ಅಕ್ಕನ ಮಗ ಬಕೆಟ್ಟು, ವಾಟರ್ ಪೇಪರು, ಇಬ್ಬರು ಹುಡುಗರನ್ನು ರೆಡಿ ಮಾಡಿದ್ದ. ಗಾಳಿ ಬಾಯಿಯೊಳಗೆ ಕಣಜದ ಗೂಡು. ಬಾಲದ ಮೇಲೆ ಯಾರೋ ಹುಡುಗ ತನ್ನ ಹೆಸರು, ಒಂದು ಹುಡುಗಿಯ ಹೆಸರು ಕೆತ್ತಿದ್ದಾನೆ. ಕಾಕ್‌ಪಿಟ್ಟಿನಲ್ಲಿ ವಿಮಾನದ ಗುರುತಿನ ತಟ್ಟೆ ಇರಬೇಕಾದ ಜಾಗದಲ್ಲಿ ನಾಲ್ಕು ರಿವೆಟ್ಟಿನ ತೂತು ಮಾತ್ರ. ಕುರ್ಚಿಯೂ ಇಲ್ಲ. ಅದು ಎಲ್ಲಿ ಹೋಯಿತೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂದರೆ ಆ ದಾರಿ ಬಂದ್.

ಭುಜದ ಹತ್ತಿರ, ರೆಕ್ಕೆ ಕೂರುವ ಜಾಗದ ಕೆಳಗೆ ಉಜ್ಜತೊಡಗಿದೆವು. ಮೇಲೆ ಕಾಲೇಜಿನ ನೀಲಿ ಆಯಿಲ್ ಪೇಂಟ್. ಅದು ಹೋದ ಮೇಲೆ ಹಸಿರು. ಹಸಿರಿನ ಕೆಳಗೆ ಬೆಳ್ಳಿ ಬಣ್ಣ. ಅದರ ಕೆಳಗೆ ಹಳದಿ ಮಿಶ್ರಿತ ಹಸಿರು ಪ್ರೈಮರ್. ಕೋಲಾರದ ಫೋಟೋ ತೆಗೆದು ಪಕ್ಕ ಹಿಡಿದೆ. ರೆಕ್ಕೆಯಲ್ಲಿ ನೀಲಿ, ಹಸಿರು, ಪ್ರೈಮರ್. ಬೆಳ್ಳಿ ಇಲ್ಲ.

ಇದು ಬಹಳ ಹೇಳುತ್ತದೆ. ಮೊದಮೊದಲು ನ್ಯಾಟ್‌ಗಳು ಬೆಳ್ಳಿಯಂತೆ ಹೊಳೆಯುತ್ತಲೇ ಹಾರುತ್ತಿದ್ದವು. ಮರೆಮಾಚುವ ಬಣ್ಣ ಆಮೇಲೆ ಬಂತು. ಈ ಮೈ ಬೆಳ್ಳಿ ಕಾಲ ಕಂಡಿದೆ, ರೆಕ್ಕೆ ಕಂಡಿಲ್ಲ. ಮೈ ಹಳೆಯದು, ರೆಕ್ಕೆ ಹೊಸದು. ಹಾಗಾದರೆ ಎರಡೇ ದಾರಿ. ಒಂದು, ಎಚ್‌ಎಎಲ್‌ನಲ್ಲಿ ಅಜೀತ್ ಆಗಿ ಬದಲಾದ ಆ ಹತ್ತು ನ್ಯಾಟ್‌ಗಳಲ್ಲಿ ಇದೂ ಒಂದು. ಇನ್ನೊಂದು, ಕಾಲೇಜಿಗೆ ಕೊಡುವಾಗ ಯಾರೋ ಒಂದು ನ್ಯಾಟ್‌ನ ಮೈಗೆ ಒಂದು ಅಜೀತ್‌ನ ರೆಕ್ಕೆ ಜೋಡಿಸಿ ಕಳಿಸಿದ್ದಾರೆ. ಪ್ರದರ್ಶನಕ್ಕೆ ನಿಲ್ಲಿಸೋ ವಿಮಾನಕ್ಕೆ ಹಾಗೆ ಮಾಡುವುದು ಹೊಸದೇನಲ್ಲ.

ಶಿಡ್ಲಘಟ್ಟಕ್ಕೆ ಫೋನ್ ಮಾಡಿದೆ. “ಹಸಿರು ಎಲ್ಲಾದಕ್ಕೂ ಒಂದೇ ಡಬ್ಬದ್ದು, ಅದನ್ನ ನಂಬಬೇಡ. ಹಸಿರು ಎಲ್ಲಿ ನಿಂತು ಇನ್ನೊಂದು ಬಣ್ಣ ಶುರುವಾಗುತ್ತೆ ನೋಡು. ಆ ಗೆರೆ ಮೈಯಿಂದ ರೆಕ್ಕೆಗೆ ಹತ್ತಿರಬೇಕು. ಎರಡೂ ಕಡೆ ಒಂದೇ ಜಾಗಕ್ಕೆ ಬಂದರೆ ಒಟ್ಟಿಗೇ ಹಾರಿವೆ.”

ಹುಡುಗರು ಇನ್ನೂ ಒಂದು ಗಂಟೆ ಉಜ್ಜಿದರು. ಗೆರೆ ಸಿಕ್ಕಿತು. ಮುಂದಿನ ಬೋಲ್ಟಿನ ತೂತಿನಿಂದ ಹದಿನೇಳು ಇಂಚು ಹಿಂದೆ. ಕೋಲಾರದ ಯಜಮಾನರಿಗೆ ವಿಡಿಯೋ ಕಾಲ್ ಮಾಡಿದೆ. ಪಾಪ, ಅಂಗಡಿ ಕೆಲಸ ಬಿಟ್ಟು ಪೈಪು ಸರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನೀಲಿ ಬಣ್ಣ ಉದುರಿದ ಕಡೆ ಟೇಪು ಹಿಡಿದರು.

“ಹದಿನೇಳು ಸಾರ್. ಕಾಲಿಂಚು ಆಕಡೆ ಈಕಡೆ.”

ಅಕ್ಕನ ಮಗ ಕುಣಿದುಬಿಟ್ಟ. ನಾನು ಅಷ್ಟು ಬೇಗ ಕುಣಿಯಲ್ಲ, ವಯಸ್ಸಾಯ್ತಲ್ವಾ. ಆದರೆ ಎರಡೂ ಒಂದೇ ವಿಮಾನದವು ಅನ್ನೋದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ನಂಬರು ಸಿಕ್ಕಿದ್ದು ತಮಾಷೆ. ಇಡೀ ಬೆಳಿಗ್ಗೆ ಮೈ ಉಜ್ಜಿದ್ದೆವು. ಮಧ್ಯಾಹ್ನ ಸ್ಟೋರಿನ ಅಟೆಂಡರಮ್ಮ ಬಂದು “ಡೆಡ್ ಸ್ಟಾಕ್ ರಿಜಿಸ್ಟರ್ ನೋಡಿದ್ರಾ ಸಾರ್?” ಎಂದರು. ಕೆಂಪು ರಟ್ಟಿನ ದಪ್ಪ ಪುಸ್ತಕ. ಬೆಂಚು, ಬೀರು, ಫ್ಯಾನುಗಳ ನಡುವೆ ಒಂದು ಸಾಲು: ‘ಹಳೆಯ ವಿಮಾನ, ಎಂಜಿನ್ ರಹಿತ, ಒಂದು’. ಎದುರಿಗೆ ವಾಯುಪಡೆಯ ಪತ್ರದ ಉಲ್ಲೇಖ, ವಿಮಾನದ ನಂಬರು. ಬಾಲದ ಮೇಲೆ ಬರೆದಿದ್ದ ನಂಬರು ಇದಲ್ಲ. ಅದನ್ನು ಯಾರೋ ಪೇಂಟರ್ ಮಿಗ್‌ಗೆ ಒಪ್ಪಲಿ ಅಂತ ಬರೆದದ್ದು. ಅದನ್ನು ಉಜ್ಜಿದಾಗ ಕೆಳಗೆ ಕಂಡ ಕೊನೆಯ ಎರಡು ಅಂಕಿ ರಿಜಿಸ್ಟರಿನದಕ್ಕೆ ಕೂಡಿಬಂತು. ವಾಯುಪಡೆಗೆ ಕಾಗದ ಬರೆದಿದ್ದೇನೆ. ಉತ್ತರ ಬರುವವರೆಗೂ ಆ ನಂಬರನ್ನು ಇಲ್ಲಿ ಹಾಕಲ್ಲ. ಇಂಥ ನಂಬರು ಸಿಕ್ಕಿದ ತಕ್ಷಣ ‘ಇದು ಯುದ್ಧದಲ್ಲಿ ಸೇಬರನ್ನು ಹೊಡೆದುರುಳಿಸಿದ ವಿಮಾನ’ ಅಂತ ಕಥೆ ಕಟ್ಟುವವರು ಜಾಸ್ತಿ.

ಪ್ರಾಂಶುಪಾಲರು ಒಳ್ಳೆಯವರು. ಎಲ್ಲ ಕೇಳಿಸಿಕೊಂಡು, ಸೋಮವಾರದವರಿಗೆ ಮುರಿದ ಬೆಂಚು, ಕಬ್ಬಿಣದ ಕಿಟಕಿ ಕೊಟ್ಟು ಕಳಿಸೋಣ ಎಂದರು. ಬೋರ್ಡು ಆಗಲೇ ಕಿತ್ತಾಗಿತ್ತು. “ರೆಕ್ಕೆಗೆ ಎಷ್ಟಾಗುತ್ತೆ ಕೇಳ್ರಿ” ಎಂದರು.

ಮತ್ತೆ ಕೋಲಾರಕ್ಕೆ ಫೋನ್. ಯಜಮಾನರು ಈಗ ವ್ಯಾಪಾರಕ್ಕೆ ಬಂದರು. “ತೂಕದ ರೇಟಿಗೇ ಕೊಡ್ತೀನಿ ಸಾರ್, ಲಾಭ ಬೇಡ. ಆದ್ರೆ ಕುಯ್ದ ಕೂಲಿ ಸೇರಿಸಿ ಕೊಡಬೇಕು. ಲಾರಿ ನಿಮ್ದು.” ಕುಯ್ದಿದ್ದಕ್ಕೆ ನಾವೇ ಕೂಲಿ ಕೊಡಬೇಕಾ ಅಂತ ಪ್ರಾಂಶುಪಾಲರು ರೇಗಿದರು. ಅಕ್ಕನ ಮಗ ಅಷ್ಟರಲ್ಲಿ ಆಚೆ ನಿಂತು, ಕೋಲಾರದಿಂದ ಟೊಮೆಟೊ ತರುವ ಲಾರಿಯವನೊಬ್ಬನಿಗೆ ಫೋನ್ ಹಚ್ಚಿದ್ದ. ಮೇಲೆ ಕ್ರೇಟು ಇಟ್ಟರೆ ರೆಕ್ಕೆ ಬಗ್ಗುತ್ತೆ, ಕೆಳಗೆ ಹುಲ್ಲು ಹಾಸಿ ಅದೊಂದನ್ನೇ ತರಬೇಕು ಅಂತ ಅವನಿಗೆ ಒತ್ತಿ ಒತ್ತಿ ಹೇಳುತ್ತಿದ್ದ.